ಸ್ಲೈಡ್‌ನಲ್ಲಿ ಖರ್ಚಿನ ಚೀಟಿ ಎಳೆಯಲು ಆಗುತ್ತಿಲ್ಲ, ಬಡ್ಡಿ ಪಾಠವೂ ಅರ್ಥವಾಗುತ್ತಿಲ್ಲ

ವಿಜಯನಗರ_ಟೀಚರ್:
ಎಲ್ಲರಿಗೂ ನಮಸ್ಕಾರ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ದುಡ್ಡಿನ ಲೆಕ್ಕ ಕಲಿಸಲು ಗೂಗಲ್ ಸ್ಲೈಡ್ಸ್‌ನಲ್ಲಿ ಪಾಠ ಮಾಡಿದ್ದೇನೆ. ಮನೆಯ ಸಂಬಳ 25,000 ರೂಪಾಯಿ. ಬಾಡಿಗೆ, ದಿನಸಿ, ಬಸ್ಸು, ರೀಚಾರ್ಜ್ ಅಂತ ಹದಿನಾಲ್ಕು ಖರ್ಚಿನ ಚೀಟಿಗಳಿವೆ. ಮಕ್ಕಳು ಅವನ್ನು ಎಳೆದು ‘ಬೇಕೇ ಬೇಕು’ ಅಥವಾ ‘ಆಮೇಲೆ ನೋಡೋಣ’ ಡಬ್ಬಿಗೆ ಹಾಕಬೇಕು.

ಸ್ಲೈಡ್‌ಶೋ ಹಾಕಿದರೆ ಚೀಟಿ ಅಲ್ಲಾಡುವುದೇ ಇಲ್ಲ. ಎಡಿಟ್‌ನಲ್ಲಿ ತೆರೆದರೆ ಡಬ್ಬಿಯೂ ಜೊತೆಗೇ ಬರುತ್ತದೆ. ಒಬ್ಬರು ಎಳೆದದ್ದು ಎಲ್ಲರ ಪರದೆಯಲ್ಲೂ ಬದಲಾಗುತ್ತದೆ. ಹಳೆಯ ನೋಟ್ಸ್‌ನಿಂದ ತಂದ ಕನ್ನಡ ಲ್ಯಾಬಿನಲ್ಲಿ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತದೆ.

ಇದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಬಡ್ಡಿ ಸ್ಲೈಡ್‌ನಿಂದ. ‘ಬ್ಯಾಂಕಿನದು 12, ಕೈಸಾಲದ್ದು 3, ಯಾವುದು ಕಡಿಮೆ?’ ಅಂತ ಕೇಳಿದೆ. ಅರ್ಧ ಕ್ಲಾಸು ಕೈಸಾಲ ಅಂದಿತು. ಕ್ಲಿಕ್ ಮಾಡಿ ಉತ್ತರ ತೋರಿಸಿದೆ, ಹೂಂ ಅಂದರು. ಹತ್ತು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಅದೇ ಉತ್ತರ. ಎಷ್ಟೋ ಮಕ್ಕಳ ಮನೆಯಲ್ಲಿ ಕೈಸಾಲ ಇದೆ. ಹೇಗಾದರೂ ಇದು ಅವರಿಗೆ ತಿಳಿಯಲೇಬೇಕು.

ಲ್ಯಾಬ್_ಮೇಷ್ಟ್ರು:
ಮೇಡಂ, ಎಳೆಯುವುದು ಎಡಿಟ್‌ನಲ್ಲಿ ಮಾತ್ರ ಆಗುತ್ತದೆ, ಸ್ಲೈಡ್‌ಶೋದಲ್ಲಿ ಆಗುವುದಿಲ್ಲ. ಡಬ್ಬಿಗಳಷ್ಟೇ ಇರುವ ಸ್ಲೈಡನ್ನು ಪಿಎನ್‌ಜಿ ಚಿತ್ರವಾಗಿ ಇಳಿಸಿಕೊಳ್ಳಿ. ಅದನ್ನೇ ಬ್ಯಾಕ್‌ಗ್ರೌಂಡ್ ಆಗಿ ಹಾಕಿ. ಆಮೇಲೆ ಡಬ್ಬಿ ಕದಲುವುದಿಲ್ಲ. ಲಿಂಕ್‌ನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ‘ಎಡಿಟ್’ ಅಂತ ಇರುತ್ತದೆ. ಅಲ್ಲಿಂದ ಮುಂದಿನದ್ದನ್ನೆಲ್ಲ ಅಳಿಸಿ, ಇಂಗ್ಲಿಷಿನಲ್ಲೇ ‘ಕಾಪಿ’ ಅಂತ ಬರೆದು ಕಳಿಸಿ. ಪ್ರತಿ ಮಗುವಿಗೂ ತನ್ನದೇ ಪ್ರತಿ ಸಿಗುತ್ತದೆ.

ಅಕ್ಷರದ ತೊಂದರೆ ಬಹುಶಃ ಹಳೆಯ ನುಡಿ ಫಾಂಟಿನದು. ಯೂನಿಕೋಡ್‌ಗೆ ಪರಿವರ್ತಿಸಿ, ‘ನೋಟೋ ಸಾನ್ಸ್ ಕನ್ನಡ’ ಫಾಂಟ್ ಹಾಕಿ ನೋಡಿ.

ಇನ್ನೊಂದು ಮಾತು. ‘ಚೀಟಿ’ ಬೇಡ, ‘ಕಾರ್ಡ್’ ಅನ್ನಿ. ದುಡ್ಡಿನ ಪಾಠದಲ್ಲಿ ಚೀಟಿ ಅಂದರೆ ಮಕ್ಕಳಿಗೆ ಅಮ್ಮ ಹಾಕುವ ಚೀಟಿಯೇ ನೆನಪಾಗುತ್ತದೆ, ಅಲ್ವಾ?

ಲೆಕ್ಕದ_ಅಕ್ಕ:
ನಾನು ಬಡ್ಡಿಯ ಬಗ್ಗೆ ಮಾತ್ರ ಹೇಳುತ್ತೇನೆ. ಮಕ್ಕಳು ದಡ್ಡರಲ್ಲ ಮೇಡಂ, ನಿಮ್ಮ ಸ್ಲೈಡ್‌ನಲ್ಲಿ ಒಂದು ಪದ ಬಿಟ್ಟುಹೋಗಿದೆ. ಮನೆಯಲ್ಲಿ ‘ನೂರಕ್ಕೆ ಮೂರು ರೂಪಾಯಿ’ ಅನ್ನುತ್ತಾರೆ. ಅದು ತಿಂಗಳಿಗೆ ಅನ್ನುವುದು ಎಲ್ಲರಿಗೂ ಗೊತ್ತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬ್ಯಾಂಕಿನವರು ಹೇಳುವ 12 ವರ್ಷದ್ದು. ಮಗುವಿಗೆ ಕಾಣುವುದು 3 ಮತ್ತು 12 ಅಷ್ಟೇ.

ಉತ್ತರದ ಬಟನ್ ತೆಗೆದುಬಿಡಿ. 10,000 ರೂಪಾಯಿ ಸಾಲ ಅಂತ ಬರೆದು, ಕೆಳಗೆ ತಿಂಗಳಿಗೊಂದರಂತೆ ಹನ್ನೆರಡು ಚೌಕಗಳ ಎರಡು ಸಾಲು ಮಾಡಿ. ಮೊದಲು ಮಕ್ಕಳು ತಮ್ಮ ಅಂದಾಜನ್ನು ಟೈಪ್ ಮಾಡಲಿ. ಆಮೇಲೆ ಕೈಸಾಲದ ಸಾಲಿನಲ್ಲಿ ತಿಂಗಳಿಗೊಂದು 300 ರೂಪಾಯಿಯ ಕಾರ್ಡ್, ಬ್ಯಾಂಕಿನ ಸಾಲಿನಲ್ಲಿ 100ರ ಕಾರ್ಡ್ ಎಳೆದು ಇಡಲಿ. ಕೊನೆಗೆ ಕೂಡಿಸಲಿ. ಇಲ್ಲಿ 3,600, ಅಲ್ಲಿ 1,200. ಹನ್ನೆರಡು ಸಲ ಕೈಯಾರೆ ಇಟ್ಟ ದುಡ್ಡು ಮರೆಯುವುದಿಲ್ಲ. ಎರಡು ಕಡೆಯೂ ಬರೀ ಬಡ್ಡಿ ಕಟ್ಟುತ್ತಾ ಹೋದರೆ ಅನ್ನುವ ಲೆಕ್ಕ ಇದು. ಅದನ್ನು ಸ್ಲೈಡ್‌ನಲ್ಲೇ ಬರೆಯಿರಿ. ಬ್ಯಾಂಕಿನ ಇಎಂಐನಲ್ಲಿ, ಅಂದರೆ ತಿಂಗಳ ಕಂತಿನಲ್ಲಿ, ಅಸಲೂ ಸೇರಿರುತ್ತದೆ.

ಈ ಲೆಕ್ಕ ತೋರಿಸಲು ಗೂಗಲ್ ಶೀಟ್ಸ್‌ನಿಂದ ಚಾರ್ಟ್ ತರಬೇಡಿ. ಅಪ್‌ಡೇಟ್ ಒತ್ತದೆ ಅದು ಬದಲಾಗುವುದಿಲ್ಲ.

ಹದಿನಾಲ್ಕು ಕಾರ್ಡ್ ಜಾಸ್ತಿ ಆಯಿತು, ಎಂಟು ಸಾಕು. ಬಸ್ಸಿನ ಕಾರ್ಡ್ ಕೂಡ ನೋಡಿಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ಮನೆಯಲ್ಲಿ ಯಾರು ಓಡಾಡುತ್ತಾರೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ.

ವಿಜಯನಗರ_ಟೀಚರ್:
ಇವತ್ತು ಮಾಡಿದೆ. ಬ್ಯಾಕ್‌ಗ್ರೌಂಡ್, ಕಾಪಿ ಲಿಂಕ್, ಅಕ್ಷರ ಎಲ್ಲ ಸರಿಯಾಯಿತು. ಐದನೇ ತಿಂಗಳಿಗೆ ಬರುವಷ್ಟರಲ್ಲಿ ಲ್ಯಾಬು ನಿಶ್ಶಬ್ದ. ಹನ್ನೆರಡೂ ಮುಗಿದ ಮೇಲೆ ಒಬ್ಬಳು ಕೇಳಿದಳು: ‘ಮಿಸ್, ಇಷ್ಟು ಕಟ್ಟಿದರೂ ಅಸಲು ಹತ್ತು ಸಾವಿರ ಹಾಗೇ ಇದೆಯಲ್ಲ?’ ಅದು ನನ್ನ ಪಾಠದಲ್ಲಿ ಇರಲೇ ಇಲ್ಲ. ಮುಂದಿನ ಸ್ಲೈಡ್ ಅದೇ ಮಾಡಲೇ?

ಲೆಕ್ಕದ_ಅಕ್ಕ:
ಖಂಡಿತ ಮಾಡಿ. ಆರನೇ ತಿಂಗಳಲ್ಲಿ ಅಸಲಿಗೆ 1,000 ಕಟ್ಟುವ ಒಂದು ಕಾರ್ಡ್ ಕೊಡಿ. ಏಳನೇ ತಿಂಗಳಿಂದ 300ರ ಬದಲು 270ರ ಕಾರ್ಡ್ ಇಡಬೇಕು. ಯಾಕೆ ಅಂತ ನೀವು ಹೇಳಬೇಡಿ, ಆ ಹುಡುಗಿಯೇ ಉಳಿದವರಿಗೆ ಹೇಳಲಿ.