ನೇರಳೆ ಪ್ಯಾಲೆಟ್‌ನಲ್ಲಿ ಸ್ಮೋಕಿ ಐ ಮಾಡಿದ್ರೆ ಬರೀ ಬೂದಿ ಬಣ್ಣ, ಪ್ಲೀಸ್ ಯಾರಾದ್ರೂ ಹೇಳಿ

ನೇರಳೆಮೋಡ:
ಮೂರು ದಿನದಿಂದ ಒದ್ದಾಡ್ತಿದೀನಿ. ಒಂಬತ್ತು ಶೇಡ್ ಇರೋ ನೇರಳೆ ಐಶ್ಯಾಡೋ ಪ್ಯಾಲೆಟ್ ತಗೊಂಡೆ. ಕೈಮೇಲೆ ಬೆರಳಲ್ಲಿ ಸ್ವಾಚ್ ಮಾಡಿದ್ರೆ, ಅಂದ್ರೆ ಸ್ವಲ್ಪ ಹಚ್ಚಿ ನೋಡಿದ್ರೆ, ಕಣ್ಣು ಕೀಳೋಕಾಗಲ್ಲ, ಅಷ್ಟು ಚೆಂದ. ಅದನ್ನೇ ರೆಪ್ಪೆಗೆ ಹಚ್ಚಿ ಎರಡು ಸಲ ಬ್ಲೆಂಡ್ ಮಾಡಿದ್ರೆ ನೇರಳೆ ಮಾಯ, ಬೂದಿ ಬಳಿದ ಹಾಗೆ. ನಿನ್ನೆ ತಂಗಿ "ಕಣ್ಣಿಗೆ ಏನು ಬಡೀತೇ ಅಕ್ಕಾ" ಅಂತ ಗಾಬರಿಯಾದ್ಲು. ಕಂದು ಪ್ಯಾಲೆಟ್‌ನಲ್ಲಿ ಇದೇ ಹೊಗೆಯಾಡಿದ ಹಾಗೆ ಕಾಣೋ ಲುಕ್ ವರ್ಷಗಳಿಂದ ಮಾಡ್ತಿದೀನಿ, ಒಂದಿನಾನೂ ಹೀಗಾಗಿಲ್ಲ. ಪ್ಯಾಲೆಟ್ಟೇ ಕಳಪೆನಾ? ವಾಪಸ್ ಕಳಿಸೋಕೆ ನಾಡಿದ್ದೇ ಕೊನೆ.

ಕಾಡಿಗೆಕಣ್ಣು:
ಬಣ್ಣ ನಿಲ್ಲೋಕೆ ಮೊದಲು ಹಚ್ಚೋ ಪ್ರೈಮರ್ ಹಾಕಿದ್ರಾ?

ನೇರಳೆಮೋಡ:
ಹಾಕಿದೀನಿ.

ಕಾಡಿಗೆಕಣ್ಣು:
ಯಾವ ಥರದ್ದು? ಸಿಲಿಕೋನ್ ಜಾಸ್ತಿ ಇದ್ದು ನುಣ್ಣಗೆ ಜಾರೋದಾದ್ರೆ ಮ್ಯಾಟ್, ಅಂದ್ರೆ ಹೊಳಪಿಲ್ಲದ ಪೌಡರ್ ಅದರ ಮೇಲೆ ನಿಲ್ಲಲ್ಲ. ಸ್ವಲ್ಪ ಅಂಟಂಟಾಗಿರ್ಬೇಕು. ಅದನ್ನ ಬಿಟ್ಟು ಕಲೆ ಮುಚ್ಚೋ ಕನ್ಸೀಲರ್ ತೆಳ್ಳಗೆ ಹಚ್ಚಿ ನೋಡಿ.

ನೇರಳೆಮೋಡ:
ಹಚ್ಚಿದೆ. ಅದೇ ಬೂದಿ.

ಕಾಡಿಗೆಕಣ್ಣು:
ಹಾಗಾದ್ರೆ ದಪ್ಪ ಹಚ್ಚಿರ್ತೀರ. ಒಂದು ಚುಕ್ಕೆ ಸಾಕು. ನನಗೂ ಹೀಗೇ ಆಗಿತ್ತು, ಪ್ರೈಮರ್ ಬದಲಾಯಿಸಿದ್ಮೇಲೇ ಸರಿಹೋಗಿದ್ದು. ನೂರಕ್ಕೆ ನೂರು ಅದೇ ಕಣ್ರೀ.

ಬಣ್ಣದಬುಟ್ಟಿ:
ಪ್ರೈಮರ್ ಒಂದನ್ನೇ ಹಿಡ್ಕೊಂಡು ಕೂರೋದು ಬೇಡ. ಡಬ್ಬದ ಹಿಂದೆ ಓದಿ. ಕಂದು ಶೇಡ್‌ಗಳು ಹೆಚ್ಚಾಗಿ ಐರನ್ ಆಕ್ಸೈಡ್: ಸಿಐ (ಬಣ್ಣದ ಕೋಡ್ ನಂಬರ್) 77491 ಕೆಂಪು, 77492 ಹಳದಿ, 77499 ಕಪ್ಪು. ಇವು ಚೆನ್ನಾಗಿ ಮುಚ್ಚುತ್ವೆ, ಒಂದಕ್ಕೊಂದು ಬೆರೆತರೂ ಬರೋದು ಇನ್ನೊಂದು ಕಂದೇ. ನೇರಳೆಗೆ ಸಾಮಾನ್ಯವಾಗಿ ಬಳಸೋದು 77742, ಅಂದ್ರೆ ಮ್ಯಾಂಗನೀಸ್ ವಯಲೆಟ್, ಇಲ್ಲಾ 77007 ಅಲ್ಟ್ರಾಮರೀನ್. ಇವಕ್ಕೆ ಅಷ್ಟು ಮುಚ್ಚೋ ಶಕ್ತಿ ಇಲ್ಲ. ಉಜ್ಜಿ ತೆಳುವಾದ ಕೂಡ್ಲೇ ಕೆಳಗಿನ ಚರ್ಮದ ಹಳದಿ ಛಾಯೆ ಮೇಲೆ ಬರುತ್ತೆ. ಹಳದಿ ನೇರಳೆಗೆ ಎದುರು ಬಣ್ಣ, ಎರಡೂ ಸೇರಿದ್ರೆ ಮಂಕೇ. ಬ್ರಶ್ ಎಳೀಬೇಡಿ, ಒತ್ತಿ ಒತ್ತಿ ಕೂರಿಸಿ.

ಬ್ರಶ್‌ಪೆಟ್ಟಿಗೆ:
ಒತ್ತೋಕೆ ಸರಿಯಾದ ಬ್ರಶ್ ಬೇಕಲ್ಲ. ನನ್ನ ಹತ್ರ ಕಣ್ಣಿಗೇ 34 ಇವೆ, ಅದರಲ್ಲಿ 11 ಮೇಕೆ ಕೂದಲಿನವು. ಪೌಡರ್ ಎತ್ತೋದ್ರಲ್ಲಿ ಅವಕ್ಕೆ ಸಾಟಿಯಿಲ್ಲ. ಎಲ್ಲ ನಿಲ್ಲಿಸಿಡೋಕೆ ಮರದ ಸ್ಟ್ಯಾಂಡ್ ಮಾಡಿಸಿದೀನಿ, ಒಂದೊಂದು ತೂತಿಗೂ ನಂಬರ್ ಇದೆ.

ಮ್ಯಾಟ್‌ಮಾತ್ರ:
ಈಗಿನ ಸಿಂಥೆಟಿಕ್ ಏನೂ ಕಮ್ಮಿಯಿಲ್ಲ. ತೊಳೆದ್ರೆ ಬೇಗ ಒಣಗುತ್ತೆ, ಪ್ರಾಣಿ ಕೂದಲೂ ಬೇಕಿಲ್ಲ.

ಬ್ರಶ್‌ಪೆಟ್ಟಿಗೆ:
ಕ್ರೀಮ್‌ಗೆ ಸರಿ, ಪೌಡರ್‌ಗೆ ಒಪ್ಪಲ್ಲ. ಎರಡನ್ನೂ ವರ್ಷಗಟ್ಟಲೆ ಬಳಸಿ ಹೇಳ್ತಿದೀನಿ.

ಮ್ಯಾಟ್‌ಮಾತ್ರ:
ನಾನೂ ಬಳಸಿಯೇ ಹೇಳ್ತಿರೋದು. ಇರಲಿ. ನೇರಳೆಮೋಡ ಅವರೇ, ಕಪ್ಪು ಶೇಡ್ ಮುಟ್ಟಲೇಬೇಡಿ. ನೇರಳೆ ಸ್ಮೋಕಿಗೆ ಗಾಢ ಬದನೆ ಬಣ್ಣ ಸಾಕು.

ಕಾಡಿಗೆಕಣ್ಣು:
ಕಪ್ಪಿಲ್ಲದೆ ಎಂಥ ಸ್ಮೋಕಿ? ಹೊಗೆ ಅಂದ್ಮೇಲೆ ಮಸಿ ಬೇಡ್ವಾ?

ನೇರಳೆಮೋಡ:
ಕಪ್ಪಂತೂ ಇದ್ದೇ ಇದೆಯಲ್ಲ. ಮೊದಲು ಕಪ್ಪು ಪೆನ್ಸಿಲ್ ರೆಪ್ಪೆ ತುಂಬ ಹಚ್ಚಿ ಹರಡ್ತೀನಿ, ಅದರ ಮೇಲೆ ಲೈಲಾಕ್ ಅನ್ನೋ ತಿಳಿ ನೇರಳೆ, ಆಮೇಲೆ ಗಾಢ ನೇರಳೆ. ಎಲ್ಲರೂ ಹಾಗೇ ಮಾಡೋದಲ್ವಾ? ಅದಕ್ಕೇ ಹೇಳಿರ್ಲಿಲ್ಲ.

ಬಣ್ಣದಬುಟ್ಟಿ:
ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ! ಲೈಲಾಕ್ ಥರ ತಿಳಿ ಮ್ಯಾಟ್‌ನಲ್ಲಿ ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಇರುತ್ತೆ, ಸಿಐ 77891, ಅಪ್ಪಟ ಬಿಳಿ. ಕಪ್ಪಿನ ಮೇಲೆ ಬಿಳಿ ಉಜ್ಜಿದ್ರೆ ಬೂದಿ ಬರದೆ ಇನ್ನೇನು ಬರುತ್ತೆ? ಕಂದಾಗಿದ್ರೆ ಕಪ್ಪಿನ ಜೊತೆ ಕಾಫಿ ಬಣ್ಣ ಆಗಿ ಕೂತುಬಿಡ್ತಿತ್ತು, ಅದಕ್ಕೇ ಅಲ್ಲಿ ನಿಮಗೆ ತೊಂದರೆ ಆಗಿಲ್ಲ. ಕೈಮೇಲೆ ಚೆಂದ ಬಂದಿದ್ದೂ ಕೆಳಗೆ ಕಪ್ಪು ಇರಲಿಲ್ಲ ಅಂತ.

ಹೀಗೆ ಮಾಡಿ. ಪ್ಯಾಲೆಟ್‌ನಲ್ಲಿರೋ ಧೂಳುಗುಲಾಬಿ ಥರದ ಮಾವ್ ಮೊದಲು ರೆಪ್ಪೆ ಮಡಿಯೋ ಗೆರೆ, ಅಂದ್ರೆ ಕ್ರೀಸ್‌ಗೆ. ರೆಪ್ಪೆ ಮೇಲೆ ನೇರಳೆ ಅಥವಾ ಪ್ಲಮ್ ಕ್ರೀಮ್ ಸ್ಟಿಕ್, ಅದರ ಮೇಲೆ ಮ್ಯಾಟ್ ನೇರಳೆ ಒತ್ತಿ. ಅಂಚನ್ನ ಬರೀ ಮಾವ್ ಅದ್ದಿದ ಬೇರೆ ಬ್ರಶ್‌ನಿಂದ ಮಸುಕು ಮಾಡಿ. ಕಪ್ಪು ಕೊನೆಗೆ, ರೆಪ್ಪೆಗೂದಲ ಬುಡಕ್ಕೆ ಮಾತ್ರ, ಅದರ ಬ್ರಶ್ ಬೇರೆ. ಹೊಳೆಯೋ ಶಿಮ್ಮರ್ ಶೇಡ್ ಬೇಕಾದ್ರೆ ಕಪ್ಪಿನ ಮೇಲೂ ಹಾಕಬಹುದು, ಅದರಲ್ಲಿರೋ ಮೈಕಾದ ಹೊಳಪು ಅಲ್ಲಿ ಇನ್ನೂ ಎದ್ದು ಕಾಣುತ್ತೆ. ತೊಂದರೆ ಇರೋದು ಮ್ಯಾಟ್‌ಗೆ.

ಕಾಡಿಗೆಕಣ್ಣು:
ಇದು ಒಪ್ತೀನಿ. ಆದ್ರೂ ಪ್ರೈಮರ್ ಬದಲಾಯಿಸಿ.

ನೇರಳೆಮೋಡ:
ಈಗಷ್ಟೇ ಒಂದು ಕಣ್ಣಿಗೆ ಮಾಡಿದೆ. ನೇರಳೆ ನೇರಳೆಯಾಗೇ ಇದೆ! ಕ್ರೀಮ್ ಸ್ಟಿಕ್ ಇರ್ಲಿಲ್ಲ, ಪ್ಲಮ್ ಪೆನ್ಸಿಲ್ ಹರಡಿ ಅದರ ಮೇಲೆ ಒತ್ತಿದೆ. ಇನ್ನೊಂದು ಕಣ್ಣಿಗೆ ಹಳೇ ಕ್ರಮದಲ್ಲೇ ಮಾಡಿ ಪಕ್ಕಪಕ್ಕ ನೋಡಿದ್ರೆ ಒಂದೇ ಪ್ಯಾಲೆಟ್ ಅಂತ ನಂಬೋಕಾಗಲ್ಲ. ಶಿಮ್ಮರ್ ಮೂರೂ ಅದ್ಭುತ. ಆದ್ರೆ ನಡುಸಾಲಿನ ಗಾಢ ಮ್ಯಾಟ್ ಹೊರಮೂಲೇಲಿ ಇನ್ನೂ ತೇಪೆ ತೇಪೆ. ಬ್ರಶ್ ಹಾಕಿದ್ರೆ ಪುಡಿನೇ ಏಳ್ತಿಲ್ಲ, ಮೇಲೆ ಹೊಳೆಯೋ ಪದರ ಕೂತಿದೆ.

ಬಣ್ಣದಬುಟ್ಟಿ:
ಬೆರಳಲ್ಲಿ ಸ್ವಾಚ್ ಮಾಡಿದ್ರಲ್ಲ, ಆ ಎಣ್ಣೆ ಹಿಡಿದು ಗಟ್ಟಿಯಾಗಿದೆ. ಟೇಪ್ ಮೆತ್ತಗೆ ಒತ್ತಿ ಕಿತ್ತರೆ ಆ ಪದರ ಬರುತ್ತೆ.

ನೇರಳೆಮೋಡ:
ಬಂತು, ಪುಡಿ ಏಳ್ತಿದೆ. ಮೂಲೆಯ ತೇಪೆ ಮಾತ್ರ ಪೂರ್ತಿ ಹೋಗಿಲ್ಲ. ಒಂಬತ್ತರಲ್ಲಿ ಎಂಟು ಕೆಲಸ ಮಾಡಿದ್ರೆ ನನಗೆ ಸಾಕು, ವಾಪಸ್ ಕಳಿಸಲ್ಲ.

ಬ್ರಶ್‌ಪೆಟ್ಟಿಗೆ:
ಆ ಮೂಲೆಗೆ ತುದಿ ಚೂಪಾಗಿರೋ ಪುಟ್ಟ ಬ್ರಶ್ ಬೇಕು. ನನ್ನ ಸ್ಟ್ಯಾಂಡಿನ 19ನೇ ತೂತಿನದು ಸರಿಯಾಗುತ್ತೆ, ಫೋಟೋ ಹಾಕ್ತೀನಿ ಇರಿ.