ಪ್ರೀ-ಲಾಂಚ್ ಸೈಟಿಗೆ ದುಡ್ಡು ಕಟ್ಟುವ ಮುನ್ನ: ಕಂಪನಿಯ ವಕೀಲರ ಒಪಿನಿಯನ್ ಸಾಕೇ?

ಪ್ರಶ್ನೆ (ತುಮಕೂರಿನ ಸದಸ್ಯರು): ಸರ್, ದೊಡ್ಡಬಳ್ಳಾಪುರದ ಕಡೆ ಒಂದು ಲೇಔಟಿನಲ್ಲಿ 30×40 ಸೈಟು ನೋಡಿದ್ದೇವೆ. ಈಗ 5 ಲಕ್ಷ ಕಟ್ಟಿದರೆ 24 ತಿಂಗಳಿಗೆ ಸೈಟು ರಿಜಿಸ್ಟರ್ ಮಾಡಿಕೊಡುತ್ತಾರಂತೆ, ಬೇಡ ಅಂದರೆ 10 ಲಕ್ಷಕ್ಕೆ ಅವರೇ ವಾಪಸ್ ಕೊಳ್ಳುತ್ತಾರಂತೆ. ಕನ್ವರ್ಷನ್ (ಕೃಷಿ ಜಮೀನನ್ನು ವಸತಿಗೆ ಬಳಸಲು ಅನುಮತಿ) ಇನ್ನೂ ಆಗಿಲ್ಲ, ಸದ್ಯಕ್ಕೆ ಅಗ್ರಿಮೆಂಟ್ ಮಾತ್ರ. ಕಂಪನಿಯ ವಕೀಲರು ಬರೆದ ಲೀಗಲ್ ಒಪಿನಿಯನ್ ಕೊಟ್ಟಿದ್ದಾರೆ. ಬೇರೆ ವಕೀಲರಿಗೆ ತೋರಿಸಬೇಕೇ?

ಉತ್ತರ (ಸಿವಿಲ್ ವಕೀಲರು, ಬೆಂಗಳೂರು): ಖಂಡಿತ ತೋರಿಸಿ, ದುಡ್ಡು ಕಟ್ಟುವ ಮೊದಲೇ ತೋರಿಸಿ. ಆ ಒಪಿನಿಯನ್ ಬರೆದವರಿಗೆ ಕಕ್ಷಿದಾರರು ಕಂಪನಿಯವರು. ಅದರಲ್ಲಿ ಬರೆದದ್ದು ಸುಳ್ಳಿರಲಿಕ್ಕಿಲ್ಲ, ಆದರೆ ನಿಮಗೆ ಬೇಕಾದ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿಯೇ ಇರುವುದಿಲ್ಲ.

ಮೊದಲು ಸ್ಕೀಮು ನೋಡೋಣ. 5 ಲಕ್ಷ ಎರಡು ವರ್ಷಕ್ಕೆ 10 ಲಕ್ಷ ಎಂದರೆ ವರ್ಷಕ್ಕೆ ಸುಮಾರು ಶೇ 41ರ ಚಕ್ರಬಡ್ಡಿ. ‘ದುಡ್ಡು ಕೊಡಿ, ದುಪ್ಪಟ್ಟು ತಗೊಳ್ಳಿ’ ಎಂಬ ಮಾತು ಬಂದ ಕೂಡಲೇ ಇದು ಬರೀ ಸೈಟಿನ ವ್ಯಾಪಾರವಾಗಿ ಉಳಿಯುವುದಿಲ್ಲ. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾನೂನಿನ ಪ್ರಶ್ನೆ ಏಳುತ್ತದೆ. ಜಮೀನಿನ ಹೆಸರಿನಲ್ಲಿ ಸುಮಾರು 49,100 ಕೋಟಿ ರೂಪಾಯಿ ಸಂಗ್ರಹಿಸಿದ್ದ ಪಿಎಸಿಎಲ್ ಎಂಬ ಕಂಪನಿಗೆ ಹಣ ಮರಳಿಸಿ ಎಂದು ಷೇರುಪೇಟೆ ನಿಯಂತ್ರಕ ಸೆಬಿ 2014ರಲ್ಲಿ ಆದೇಶಿಸಿತು. ಆಮೇಲೆ ಆಸ್ತಿ ಮಾರಿ ಜನರಿಗೆ ಹಂಚಲು ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಲೋಧಾ ಅವರ ಸಮಿತಿಯೇ ಬೇಕಾಯಿತು.

ಎರಡನೆಯದು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. 500 ಚದರ ಮೀಟರಿಗಿಂತ ದೊಡ್ಡ ಲೇಔಟು ರೇರಾದಲ್ಲಿ ನೋಂದಣಿಯಾಗದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಹಣವನ್ನೂ ಪಡೆಯುವಂತಿಲ್ಲ. ನೋಂದಣಿ ಆದ ಮೇಲೂ ಒಟ್ಟು ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯಬೇಕಾದರೆ ಮೊದಲು ಅಗ್ರಿಮೆಂಟನ್ನು ರಿಜಿಸ್ಟರ್ ಮಾಡಬೇಕು. ಕನ್ವರ್ಷನ್ನೇ ಆಗದ ಹೊಲಕ್ಕೆ ‘ಪ್ರೀ-ಲಾಂಚ್’ ಎಂದು ಹೆಸರಿಟ್ಟಿರುವುದು ಈ ಎರಡೂ ಬೇಲಿ ದಾಟುವುದಕ್ಕೆ.

ಇನ್ನು ಜಮೀನು ಯಾರದು? ಇಂಥ ಕಡೆ ಬಹಳಷ್ಟು ಸಲ ಪಹಣಿಯ 9ನೇ ಕಾಲಂನಲ್ಲಿ ಈಗಲೂ ರೈತರ ಹೆಸರೇ ಇರುತ್ತದೆ. ಕಂಪನಿಯ ಕೈಯಲ್ಲಿರುವುದು ಒಂದು ಅಗ್ರಿಮೆಂಟ್ ಅಥವಾ ಜಿಪಿಎ (ರೈತರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ). ರೈತರಿಗೆ ಬಾಕಿ ಕೊಡದೆ ಕಂಪನಿ ಕೈಚೆಲ್ಲಿದರೆ ನಿಮ್ಮ ಅಗ್ರಿಮೆಂಟಿಗೆ ಆಧಾರವೇ ಇರುವುದಿಲ್ಲ. ಜಿಪಿಎಯಿಂದ ಒಡೆತನ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಪ್ರಶ್ನೆ (ಅವರೇ): ನಮ್ಮ ವಕೀಲರಿಗೆ ಏನೇನು ಕೊಡಬೇಕು? ಇಸಿ (ಋಣಭಾರ ಪ್ರಮಾಣಪತ್ರ) ಕ್ಲಿಯರ್ ಇದೆ ಸರ್.

ಉತ್ತರ: ಇಸಿಯಲ್ಲಿ ಕಾಣುವುದು ರಿಜಿಸ್ಟರ್ ಆದ ಪತ್ರಗಳು ಮಾತ್ರ. ಕೋರ್ಟಿನಲ್ಲಿರುವ ಪಾಲಿನ ದಾವೆ, ನೋಂದಣಿಯಾಗದ ಅಗ್ರಿಮೆಂಟ್, ಹೆಣ್ಣುಮಕ್ಕಳ ಹಕ್ಕು ಅದರಲ್ಲಿ ಬರುವುದಿಲ್ಲ. 30 ವರ್ಷಕ್ಕೆ ಕಡಿಮೆಯಿಲ್ಲದ ಇಸಿ ತೆಗೆಸಿ. ಹಳೆಯ ಭಾಗ ಆನ್‌ಲೈನಿನಲ್ಲಿ ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಜೊತೆಗೆ ಮೂಲಪತ್ರದಿಂದ ಇವತ್ತಿನವರೆಗಿನ ಕ್ರಯಪತ್ರಗಳು, ಕೈಬರಹದ ಪಹಣಿ ಸೇರಿ ಎಲ್ಲ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ವಂಶವೃಕ್ಷ ಬೇಕು.

ಎಡವುವುದು ಹೆಚ್ಚಾಗಿ ವಂಶವೃಕ್ಷದಲ್ಲೇ. ಪಿತ್ರಾರ್ಜಿತ ಜಮೀನಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲಿದೆ. 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂಬುದನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಇಲ್ಲದ ಕ್ರಯಪತ್ರ ಮುಂದೆ ದಾವೆಗೆ ದಾರಿ. ಇನ್ನೊಂದು, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಕೊಂಡಿದ್ದರೆ ಇಂಥ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆಯಡಿ ಮಂಜೂರಾದವರಿಗೇ ಮರಳಿ ಹೋಗುತ್ತದೆ. 2023ರ ತಿದ್ದುಪಡಿಯ ನಂತರ ಹಾಗೆ ಕೇಳುವುದಕ್ಕೆ ಕಾಲಮಿತಿಯೂ ಇಲ್ಲ. ಮಾರುವವರ ಹೆಸರಿನಲ್ಲಿ ಇ-ಕೋರ್ಟ್ಸ್‌ನಲ್ಲೂ ಕಂದಾಯ ಪ್ರಕರಣಗಳ ತಾಣದಲ್ಲೂ ಹುಡುಕಿಸಿ.

ವಕೀಲರನ್ನು ನೀವೇ ಹುಡುಕಿ, ಏಜೆಂಟರು ತೋರಿಸಿದವರು ಬೇಡ. ‘ಕೊಳ್ಳುವುದು ಬೇಡ ಎಂದು ನೀವು ಹೇಳಿದರೂ ಇಷ್ಟೇ ಫೀ’ ಎಂದು ಅವರೊಂದಿಗೆ ಮೊದಲೇ ಮಾತಾಡಿ. ಬಾಯಿಮಾತಿನ ‘ಪರವಾಗಿಲ್ಲ’ ಸಾಲದು. ನೋಡಿದ ದಾಖಲೆಗಳ ಪಟ್ಟಿ, ಇಂದಿನ ಒಡೆಯರು ಯಾರು, ಯಾರ್ಯಾರು ಸಹಿ ಹಾಕಬೇಕು, ಯಾವ ಕಾಗದ ಕೊರತೆ, ಇಷ್ಟನ್ನೂ ಸಹಿ ಮಾಡಿದ ವರದಿಯಲ್ಲಿ ಕೇಳಿ. ಅಗ್ರಿಮೆಂಟನ್ನೂ ಓದಿಸಿ. ‘ಬೇರೆ ಲೇಔಟಿನಲ್ಲಿ ಪರ್ಯಾಯ ಸೈಟು ಕೊಡಬಹುದು’, ‘ಅನುಮೋದನೆ ತಡವಾದರೆ ಬಡ್ಡಿಯಿಲ್ಲ’ ಎಂಬ ಸಾಲುಗಳು ಹಿಂದಿನ ಪುಟಗಳಲ್ಲಿ ಅಡಗಿರುತ್ತವೆ.

ಸೇರಿಸಿದವರು (ನಿವೃತ್ತ ಭೂಮಾಪಕರು): ಬ್ರೋಷರಿನ ಲೆಕ್ಕ ನೀವೇ ಹಾಕಿ. 2 ಎಕರೆ ಎಂದರೆ 80 ಗುಂಟೆ, 87,120 ಚದರ ಅಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಬಿಟ್ಟರೆ ಸೈಟಿಗೆ ಸಿಗುವುದು ಸಾಮಾನ್ಯವಾಗಿ ಶೇ 55ರ ಆಸುಪಾಸು, ಅಂದರೆ 1,200 ಅಡಿಯ 40 ಸೈಟುಗಳು. ಬ್ರೋಷರಿನಲ್ಲಿ 60 ಇದ್ದರೆ ಆ ನಕ್ಷೆ ಅನುಮೋದನೆ ಆಗುವಂಥದ್ದಲ್ಲ. ಪಹಣಿಯಲ್ಲಿ ಬಿ ಖರಾಬು ಎಷ್ಟಿದೆ ನೋಡಿ, ಅದು ಹಳ್ಳ, ದಾರಿಗೆ ಸೇರಿದ ಸರ್ಕಾರದ ಜಾಗ, ಮಾರುವಂತಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುತ್ತಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಕೇಳಿ, ಸ್ಥಳಕ್ಕೆ ಹೋಗಿ ಹದ್ದುಬಸ್ತು (ಗಡಿ ಗುರುತು) ತಾಳೆ ನೋಡಿ.

ಪ್ರಶ್ನೆ (ಇನ್ನೊಬ್ಬರು): ಇಂಥದ್ದೇ ಕಡೆ 3 ಲಕ್ಷ ಕಟ್ಟಿಬಿಟ್ಟಿದ್ದೇನೆ ಮೇಡಂ, ಅದರಲ್ಲಿ 1 ಲಕ್ಷ ನಗದು. ವಕೀಲರಿಗೆ ಕೊಡಲು ಈಗ ಹಣವಿಲ್ಲ.

ಉತ್ತರ (ವಕೀಲೆ, ಮೈಸೂರು): ಮುಂದಿನ ಕಂತು ನಿಲ್ಲಿಸಿ. ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಸಂದೇಶ, ಬ್ರೋಷರು ಎಲ್ಲವನ್ನೂ ಪ್ರಿಂಟ್ ತೆಗೆದಿಡಿ. ನಗದಿಗೆ ರಸೀದಿ ಇಲ್ಲದಿದ್ದರೆ ‘1 ಲಕ್ಷ ತಲುಪಿದೆಯಲ್ಲ’ ಎಂದು ಸಂದೇಶ ಕಳಿಸಿ, ಉತ್ತರ ಉಳಿಸಿಕೊಳ್ಳಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ, ದಂಡ ಬೀಳುವುದು ಪಡೆದವರಿಗೆ. ಅಗ್ರಿಮೆಂಟಿನಲ್ಲಿ ರಿಜಿಸ್ಟ್ರೇಷನ್‌ಗೆ ಇಟ್ಟ ದಿನಾಂಕ ನೋಡಿಕೊಳ್ಳಿ, ಅಲ್ಲಿಂದ 3 ವರ್ಷದೊಳಗೆ ದಾವೆ ಹೂಡದಿದ್ದರೆ ಅವಧಿ ಮೀರುತ್ತದೆ. ಫೀಗೆ ಹಣವಿಲ್ಲದವರಿಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು, ಉಳಿದವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100. ಹೋಗುವಾಗ ಅಗ್ರಿಮೆಂಟಿನ ಮೂಲಪ್ರತಿ ಕೊಡಬೇಡಿ, ಎರಡು ಜೆರಾಕ್ಸ್ ಒಯ್ಯಿರಿ.