ಇಟ್ಯಾಬ್ಸ್‌ನಲ್ಲಿ ಕಂಬಿಯ ಪ್ರಾಪರ್ಟಿ: ಕನ್ಸಲ್ಟಂಟ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇಟ್ಯಾಬ್ಸ್ (ಕಟ್ಟಡದ ಲೆಕ್ಕ ಹಾಕುವ ಸಾಫ್ಟ್‌ವೇರ್) ಮಾಡೆಲ್‌ನಲ್ಲಿ ಕಂಬಿಯ ಗ್ರೇಡ್, ಕವರ್ (ಕಂಬಿಯ ಮೇಲಿನ ಕಾಂಕ್ರೀಟ್ ಪದರ), ರಿಂಗ್ (ಉದ್ದ ಕಂಬಿಗಳನ್ನು ಸುತ್ತುವ ಕಂಬಿ) ಇವುಗಳ ಬಗ್ಗೆ ಮಾತ್ರ ಕೇಳಿ. ಅಳತೆ ಮಿಮೀನಲ್ಲಿ. ಊರು, ಮಹಡಿ, ಕಾಂಕ್ರೀಟ್ ಗ್ರೇಡ್ ಬರೆಯಿರಿ. ಬರೀ "ಹಾಯ್ ಸರ್" ಹಾಕಿದರೆ ಅಳಿಸುತ್ತೇನೆ.

ಹಾಸನ ಸಿವಿಲ್: ಸರ್, ಎಫ್‌ಇ 500 ಕಂಬಿಗೆ ಎಫ್‌ವೈ (ಕಂಬಿ ಯೀಲ್ಡ್ ಆಗುವ, ಅಂದರೆ ಮರಳಿ ಬಾರದಂತೆ ಹಿಗ್ಗತೊಡಗುವ ಒತ್ತಡ, ಎಂಪಿಎನಲ್ಲಿ) 500 ಅಂತಲೇ ಕೊಡಬೇಕಾ, 0.87ರಿಂದ ಗುಣಿಸಿ 435 ಕೊಡಬೇಕಾ?

ಕನ್ಸಲ್ಟಂಟ್: 500 ಅಂತಲೇ ಕೊಡಿ. ಡಿಸೈನ್ ಪ್ರಿಫರೆನ್ಸಸ್‌ನಲ್ಲಿ ಸ್ಟೀಲಿನ ಪಾರ್ಶಿಯಲ್ ಫ್ಯಾಕ್ಟರ್ 1.15 ಇದೆ, 0.87 ಬರುವುದು ಅಲ್ಲಿಂದಲೇ. ನೀವೂ ಗುಣಿಸಿದರೆ ಎರಡು ಸಲ ಕಡಿತ.

ತುಮಕೂರು ಡಿಸೈನ್ಸ್: ಮಾಡೆಲ್‌ನಲ್ಲಿ ಕಂಬಿ 413.69 ಅಂತ ತೋರಿಸ್ತಿದೆ. 415ಕ್ಕೆ ಹತ್ತಿರ ಇದೆ, ಬಿಡಬಹುದಾ?

ಕನ್ಸಲ್ಟಂಟ್: ಅದು ಅಮೆರಿಕದ ಎ615 ಗ್ರೇಡ್ 60. ಮಾಡೆಲ್ ಶುರುಮಾಡುವಾಗ ನೀವು ಅಮೆರಿಕದ ಡೀಫಾಲ್ಟ್ ಆರಿಸಿದ್ದೀರಿ. ಸಂಖ್ಯೆ ಹತ್ತಿರ ಇರುವುದರಿಂದಲೇ ಇದು ಎಷ್ಟೋ ಫೈಲ್‌ಗಳಲ್ಲಿ ಕಣ್ಣು ತಪ್ಪಿಸಿಕೊಂಡು ಕೂತಿರುತ್ತದೆ. ಡಿಫೈನ್, ಮೆಟೀರಿಯಲ್ ಪ್ರಾಪರ್ಟೀಸ್, ಆಡ್ ನ್ಯೂ. ರೀಜನ್ ಇಂಡಿಯಾ, ಟೈಪ್ ರೀಬಾರ್. ಎಚ್‌ವೈಎಸ್‌ಡಿ 500 ಆರಿಸಿದರೆ ಎಫ್‌ವೈ 500, ಎಫ್‌ಯು (ಕಂಬಿ ತಡೆಯುವ ಗರಿಷ್ಠ ಒತ್ತಡ, ಅಂದರೆ ಅಲ್ಟಿಮೇಟ್) 545 ತಾನೇ ಬರುತ್ತದೆ. ಇಲ್ಲಿಗೆ ಮುಗಿಯಲಿಲ್ಲ. ಮೆಟೀರಿಯಲ್ ಸೇರಿಸಿದ ಮಾತ್ರಕ್ಕೆ ಯಾವ ಸೆಕ್ಷನ್ನೂ ಅದನ್ನು ಎತ್ತಿಕೊಳ್ಳುವುದಿಲ್ಲ. ಪ್ರತಿ ಬೀಮ್, ಕಾಲಂ ಸೆಕ್ಷನ್ನಿನ ಮಾಡಿಫೈ ರೀಬಾರ್ ಒಳಗೆ ಹೋಗಿ ಉದ್ದ ಕಂಬಿಗೂ ರಿಂಗಿಗೂ ಬೇರೆಬೇರೆಯಾಗಿ ಬದಲಿಸಿ. ಸೆಕ್ಷನ್ ಡಿಸೈನರ್‌ನಲ್ಲಿ ಬರೆದ ಕಾಲಂ ಇದ್ದರೆ ಅಲ್ಲಿನ ಕಂಬಿಗಳ ಮೆಟೀರಿಯಲ್ ಮತ್ತೆ ಬೇರೆ.

ಲಿಫ್ಟ್ ಕೋರ್: ರಿಂಗಿಗೂ 500 ಕೊಟ್ಟರೆ ತಪ್ಪೇನು? ಸೈಟಿಗೆ ಬರೋದು 500ಡಿ (ಹೆಚ್ಚು ಹಿಗ್ಗುವ ಬಗೆಯ 500) ಒಂದೇ.

ಕನ್ಸಲ್ಟಂಟ್: ಸೈಟಿನಲ್ಲಿ ಹಾಕಿ, ಲೆಕ್ಕದಲ್ಲಿ ಹಾಕಬೇಡಿ. ಐಎಸ್ 456ರ (ಕಾಂಕ್ರೀಟ್ ಸಂಹಿತೆ) ಕಲಂ 40.4ರ ಪ್ರಕಾರ ರಿಂಗಿನ ಎಫ್‌ವೈ 415ಕ್ಕಿಂತ ಹೆಚ್ಚು ಹಿಡಿಯುವ ಹಾಗಿಲ್ಲ. 500 ಹಿಡಿದರೆ ಲೆಕ್ಕದಲ್ಲಿ ರಿಂಗ್ 17% ಕಡಿಮೆ ಬರುತ್ತದೆ, ಅಂತರ ಸುಮಾರು 20% ಹಿಗ್ಗುತ್ತದೆ. ಸಾಫ್ಟ್‌ವೇರ್ ತಾನೇ ತಡೆಯುತ್ತದೆ ಅಂತ ನಂಬಿ ಕೂರುವ ಬದಲು ರಿಂಗಿಗೆ 415ರ ಪ್ರತ್ಯೇಕ ಮೆಟೀರಿಯಲ್ ಕೊಡಿ. ಒಂದು ಬೀಮಿನ ಡೀಟೇಲ್ಸ್ ತೆರೆದು ಕೈಯಲ್ಲಿ ತಾಳೆ ನೋಡಿ.

ಶಿವಮೊಗ್ಗ ಎ.ಇ.: ಬೀಮಿನ ಕವರ್ 25 ಕೊಟ್ಟಿದ್ದೇನೆ, ಕಾಲಂಗೆ 40. ಸರಿಯಾ?

ಕನ್ಸಲ್ಟಂಟ್: ಕಾಲಂ ಸರಿ, ಬೀಮ್ ತಪ್ಪು. ಇಟ್ಯಾಬ್ಸ್‌ನಲ್ಲಿ ಕಾಲಂಗೆ ಕೇಳುವುದು ರಿಂಗಿನ ಹೊರಮೈಯಿಂದ ಕ್ಲಿಯರ್ ಕವರ್. ಬೀಮಿಗೆ ಕೇಳುವುದು ಕಂಬಿ ಗುಂಪಿನ ಮಧ್ಯಬಿಂದುವರೆಗಿನ ದೂರ. 25 ಕವರ್, 8ರ ರಿಂಗ್, 20ರ ಕಂಬಿಯ ಅರ್ಧ 10, ಒಟ್ಟು 43. ಎರಡು ಸಾಲು ಬಂದರೆ, ನಡುವೆ 25 ಅಂತರ ಬಿಟ್ಟಾಗ, 65.5. 450ರ ಬೀಮಿಗೆ ನೀವು 25 ಕೊಟ್ಟಾಗ ಪರಿಣಾಮಕಾರಿ ಆಳ 425; ಎರಡು ಸಾಲಿದ್ದರೆ ನಿಜದಲ್ಲಿ 384.5. ಹತ್ತು ಪರ್ಸೆಂಟ್ ಇಲ್ಲದ ಆಳ. ಮೇಲೆ ಕೆಳಗೆ ಎರಡೂ ಬಾಕ್ಸ್ ತಿದ್ದಿ.

ಹುಬ್ಬಳ್ಳಿ ಬಿಲ್ಡರ್: ಎಫ್‌ವೈಯನ್ನು 0.87ರಿಂದ ಗುಣಿಸಬೇಕಾ ಸರ್?

ಕನ್ಸಲ್ಟಂಟ್: ಮೇಲೆ ಇದೆ.

ಮಂಗಳೂರು ಸೈಟ್: ಸರ್, ಜಿ ಪ್ಲಸ್ 4, ಎತ್ತರ 16 ಮೀಟರ್, ಎಂ25. ಮಾಡೆಲ್ ಮತ್ತು ಡ್ರಾಯಿಂಗ್ ಎರಡೂ ಎಫ್‌ಇ 415ಕ್ಕೆ. ಕಂಟ್ರಾಕ್ಟರ್ ಎಫ್‌ಇ 550 ತಂದು ಅದೇ ಸಂಖ್ಯೆ, ಅದೇ ವ್ಯಾಸದಲ್ಲಿ ಕಟ್ಟಿಸಿದ್ದಾರೆ. ಎರಡು ಸ್ಲ್ಯಾಬ್ ಆಗಿದೆ. ಬಲ ಜಾಸ್ತಿಯೇ ಆಯ್ತಲ್ಲ, ಮಾಡೆಲ್‌ನಲ್ಲಿ ಗ್ರೇಡ್ ಬದಲಿಸಿ ಆಸ್-ಬಿಲ್ಟ್ (ಕಟ್ಟಿದ ಹಾಗೆ ತೋರಿಸುವ ಡ್ರಾಯಿಂಗ್) ಕೊಟ್ಟುಬಿಡಲಾ?

ಲೇಔಟ್ ರಾಜ: ಅದೃಷ್ಟ ಮಾಡಿದ್ರಿ. ಏನೂ ಆಗಲ್ಲ.

ಕನ್ಸಲ್ಟಂಟ್: ರಾಜ ಅವರೇ, ಸಹಿ ಹಾಕುವವರು ನೀವಲ್ಲ. ಸ್ವಲ್ಪ ಸುಮ್ಮನಿರಿ.

ಮಂಗಳೂರು ಅವರೇ, ಮೂರನೇ ಸ್ಲ್ಯಾಬ್ ಹಾಕುವ ಮೊದಲು ಇದನ್ನು ಓದಿ. ಐಎಸ್ 1893:2016ರ (ಭೂಕಂಪ ಸಂಹಿತೆ) ನಕ್ಷೆಯಲ್ಲಿ ಮಂಗಳೂರು ಭೂಕಂಪ ವಲಯ 3. ಐಎಸ್ 13920 (ಡಕ್ಟೈಲ್, ಅಂದರೆ ತಟ್ಟನೆ ಮುರಿಯದೆ ಬಾಗುವ ಕಟ್ಟಡದ ಸಂಹಿತೆ) ಪಾಲಿಸಲೇಬೇಕು. ಆ ಸಂಹಿತೆ ನಿಂತಿರುವುದೇ ಒಂದು ಸರದಿಯ ಮೇಲೆ: ಮೊದಲು ಬೀಮಿನ ತುದಿ ಬಾಗಿ ಕಂಬಿ ಯೀಲ್ಡ್ ಆಗಬೇಕು, ಶಿಯರ್ (ಅಡ್ಡ ಕತ್ತರಿಸುವ ಬಲ) ತಡೆಯುವ ಶಕ್ತಿ ಮತ್ತು ಕಾಲಂ ಅದಕ್ಕಿಂತ ಗಟ್ಟಿ ಇರಬೇಕು. ಬೀಮಿನ ಕಂಬಿ ನೀವು ಲೆಕ್ಕ ಹಾಕಿದ್ದಕ್ಕಿಂತ ಗಟ್ಟಿಯಾದರೆ ಸರದಿ ತಿರುಗುಮುರುಗು.

ಸಂಖ್ಯೆಯಲ್ಲೇ ನೋಡೋಣ. 300×450 ಬೀಮ್, ತುದಿಯಲ್ಲಿ ಮೇಲೆ 20ರ ಮೂರು, ಕೆಳಗೆ 16ರ ಮೂರು, ಕ್ಲಿಯರ್ ಸ್ಪ್ಯಾನ್ 4 ಮೀಟರ್. 415ಕ್ಕೆ ಹಾಗಿಂಗ್ (ಮೇಲಿನ ಕಂಬಿ ಎಳೆಯುವ ಬಾಗು) ಸಾಮರ್ಥ್ಯ 120, ಸ್ಯಾಗಿಂಗ್ (ಕೆಳಗಿನ ಕಂಬಿ ಎಳೆಯುವ ಬಾಗು) 82 ಕೆಎನ್‌ಎಂ, ಕೂಡಿದರೆ 202. 550ಕ್ಕೆ 152 ಮತ್ತು 105, ಕೂಡಿದರೆ 257. ಭೂಕಂಪದ ಶಿಯರ್ ಲೆಕ್ಕಕ್ಕೆ 1.4ರಿಂದ ಗುಣಿಸಿ ಸ್ಪ್ಯಾನಿನಿಂದ ಭಾಗಿಸಿ: 71 ಕೆಎನ್ ಇದ್ದದ್ದು 90 ಆಯಿತು. ರಿಂಗ್ ಮಾತ್ರ ಹಳೇ ಡ್ರಾಯಿಂಗಿನದು, ರಿಂಗಿಗೆ 550 ಹಿಡಿಯುವ ಹಾಗೂ ಇಲ್ಲ. ಒಳಗಿನ ಜಾಯಿಂಟಿನಲ್ಲಿ ಕಾಲಂಗಳಿಂದ ಬೇಕಾದದ್ದು 283 ಕೆಎನ್‌ಎಂ ಇತ್ತು, ಈಗ 360.

ಇದಕ್ಕಿಂತ ನನಗೆ ಹೆದರಿಕೆ ಇರುವುದು ಲ್ಯಾಪಿನ (ಎರಡು ಕಂಬಿ ಪಕ್ಕಪಕ್ಕ ಸೇರಿಸಿ ಕಟ್ಟುವ ಉದ್ದ) ಬಗ್ಗೆ. ಎಂ25ರಲ್ಲಿ ಡೆವಲಪ್‌ಮೆಂಟ್ ಉದ್ದ (ಕಂಬಿ ಜಾರದಂತೆ ಕಾಂಕ್ರೀಟಿನೊಳಗೆ ಇರಬೇಕಾದ ಉದ್ದ) 415ಕ್ಕೆ ವ್ಯಾಸದ 40.3 ಪಟ್ಟು, 550ಕ್ಕೆ 53.4 ಪಟ್ಟು. ಕಾಲಂನ 16ರ ಕಂಬಿಗೆ ಡ್ರಾಯಿಂಗಿನಲ್ಲಿ 645 ಇರಬೇಕು, ಬೇಕಾಗಿರುವುದು 855. ಹೊರಗಿನ ಜಾಯಿಂಟಿನಲ್ಲಿ ಬೀಮಿನ 20ರ ಕಂಬಿ ಕಾಲಂ ಒಳಮುಖದಿಂದ, ಬೆಂಡಿನ ರಿಯಾಯಿತಿ ಕಳೆದ ಮೇಲೆ, 845ರ ಬದಲು 1,110 ಹೋಗಬೇಕು. ಅಷ್ಟು ಉದ್ದ ಇಲ್ಲದಿದ್ದರೆ 550ರ ಬಲ ಕಂಬಿಗೆ ಬರುವ ಮೊದಲೇ ಅದು ಜಾರುತ್ತದೆ. ಆಗ ಯೀಲ್ಡ್ ಇಲ್ಲ, ಮುನ್ಸೂಚನೆಯೂ ಇಲ್ಲ. ಮಾಡೆಲ್‌ನಲ್ಲಿ ಗ್ರೇಡ್ ಬದಲಿಸಿದಾಗ ಇದ್ಯಾವುದೂ ಕೆಂಪಗೆ ಕಾಣುವುದಿಲ್ಲ, ಯಾಕೆಂದರೆ ಲ್ಯಾಪ್ ಎಷ್ಟಿದೆ ಅಂತ ಇಟ್ಯಾಬ್ಸ್‌ಗೆ ಗೊತ್ತೇ ಇಲ್ಲ.

ಈಗ ಮಾಡಬೇಕಾದ್ದು. ಉಳಿದ ಕಂಬಿಯಿಂದ ಪ್ರತಿ ವ್ಯಾಸದ ತುಂಡು ಕತ್ತರಿಸಿ ಲ್ಯಾಬಿಗೆ ಕಳಿಸಿ: ಪ್ರೂಫ್ ಸ್ಟ್ರೆಸ್ (ಟೆಸ್ಟಿನಲ್ಲಿ ಸಿಗುವ ಯೀಲ್ಡ್), ಅಲ್ಟಿಮೇಟ್, ಎಲಾಂಗೇಶನ್ (ತುಂಡಾಗುವಷ್ಟರಲ್ಲಿ ಎಷ್ಟು ಹಿಗ್ಗಿತು). ಫೈಲನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ 550ರ ಮೆಟೀರಿಯಲ್ ಸೇರಿಸಿ, ಎಫ್‌ಯು 585, ಉದ್ದ ಕಂಬಿಗೆ ಮಾತ್ರ. ಬೀಮ್ ಸೆಕ್ಷನ್ನಿನಲ್ಲಿ ಡಕ್ಟೈಲ್ ಬೀಮಿನ ಏರಿಯಾ ಓವರ್‌ರೈಟ್ ಅಂತ ನಾಲ್ಕು ಬಾಕ್ಸ್ ಇವೆ, ಎಲ್ಲರೂ ಸೊನ್ನೆ ಬಿಟ್ಟಿರುತ್ತಾರೆ. ಅಲ್ಲಿ ಸೈಟಿನಲ್ಲಿ ನಿಜವಾಗಿ ಹಾಕಿದ ಏರಿಯಾ ಕೊಡಿ. ಮೇಲಿನ ಉದಾಹರಣೆಗಾದರೆ ಮೇಲೆ 942, ಕೆಳಗೆ 603. ಸೊನ್ನೆ ಬಿಟ್ಟರೆ 550ಕ್ಕೆ ಬೇಕಾದ ಕಡಿಮೆ ಏರಿಯಾ ಹಿಡಿದು ಶಿಯರನ್ನೂ ಕಡಿಮೆ ತೋರಿಸುತ್ತದೆ. ಕಾಲಂಗಳನ್ನು "ಡಿಸೈನ್" ಬಿಟ್ಟು "ಚೆಕ್"ಗೆ ಹಾಕಿ, ಇರುವ ಕಂಬಿ ಕೊಡಿ. ಆಮೇಲೆ ಬೀಮ್-ಕಾಲಂ ಕೆಪ್ಯಾಸಿಟಿ ರೇಶಿಯೋ ಮತ್ತು ಬೀಮ್ ತುದಿಯ ಶಿಯರ್ ನೋಡಿ. ಮೇಲಿನ ಮಹಡಿಗಳಿಗೆ ಈ ಕಂಬಿ ನಿಲ್ಲಿಸಿ. ಮೂಲ ಡಿಸೈನರ್‌ಗೆ ಲಿಖಿತವಾಗಿ ತಿಳಿಸಿ, ಫೋನಿನಲ್ಲಲ್ಲ.

ಮಂಗಳೂರು ಸೈಟ್: ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಎಲಾಂಗೇಶನ್ ಎಷ್ಟಿದ್ದರೆ ಓಕೆ ಸರ್?

ಕನ್ಸಲ್ಟಂಟ್: 13920:2016ರ ಪ್ರಕಾರ 500, 550 ಎರಡಕ್ಕೂ 14.5%ಗಿಂತ ಹೆಚ್ಚು. ಐಎಸ್ 1786ರಲ್ಲಿ (ಕಂಬಿಯ ಸಂಹಿತೆ) ಬರೀ 550ಕ್ಕೆ ಕನಿಷ್ಠ 10, ಬರೀ 500ಕ್ಕೆ 12. ಎರಡೂ ಸಾಲದು. 500ಡಿಗೆ 16.

ಕೋಡ್ ಪಂಡಿತ: 550ಡಿಗೆ ಕನಿಷ್ಠ 14.5 ಇದೆ. ಹಾಗಾದರೆ 550ಡಿ ಧಾರಾಳವಾಗಿ ಹಾಕಬಹುದು.

ಲಿಫ್ಟ್ ಕೋರ್: "ಗಿಂತ ಹೆಚ್ಚು" ಅಂದರೆ 14.5 ಸೇರಲ್ಲ. ಸರಿಯಾಗಿ ಓದಿ.

ಕೋಡ್ ಪಂಡಿತ: ಕಮಿಟಿಯ ಉದ್ದೇಶ 550ಡಿ ಬಿಡೋದೇ. ಇಲ್ಲದಿದ್ದರೆ 550 ಅಂತ ಯಾಕೆ ಬರೀತಿದ್ರು?

ಲಿಫ್ಟ್ ಕೋರ್: ಕಮಿಟಿಯ ಉದ್ದೇಶ ನಿಮ್ಮ ಕಿವಿಯಲ್ಲಿ ಹೇಳಿದ್ರಾ?

ಕನ್ಸಲ್ಟಂಟ್: ಇಬ್ಬರೂ ಇನ್ನೊಂದು ಸಾಲು ಬಿಟ್ಟಿದ್ದೀರಿ. ಅಲ್ಟಿಮೇಟ್ ಭಾಗಿಸು ಪ್ರೂಫ್, ಕನಿಷ್ಠ 1.15. 500ಡಿಗೆ 1786 ಖಾತ್ರಿ ಕೊಡುವುದು 1.10, 550ಡಿಗೆ 1.08. ಪ್ರೂಫ್ ಕೂಡ ಹೆಸರಿನ ಗ್ರೇಡ್‌ಗಿಂತ 20% ಮೀರಬಾರದು. 500ಕ್ಕೆ 600ರ ಒಳಗೆ. ಅಂದರೆ ಕಂಬಿಯ ಮೇಲೆ "ಡಿ" ಅಚ್ಚಿದ್ದರೂ ಸಾಲದು, ಆ ಲಾಟಿನ ಟೆಸ್ಟ್ ಬೇಕು. ಜಗಳ ಇಲ್ಲಿಗೆ ಸಾಕು.

ಲೇಔಟ್ ರಾಜ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ: "ಇಟ್ಯಾಬ್ಸ್‌ನಲ್ಲಿ ಓ/ಎಸ್ ಬಂದರೆ ಭಯ ಬೇಡ. 1) ಕಂಬಿ 600 ಮಾಡಿ. 2) ಓವರ್‌ರೈಟ್‌ನಲ್ಲಿ ಡಕ್ಟೈಲ್ ತೆಗೆದು ಆರ್ಡಿನರಿ ಮಾಡಿ. 3) ಕವರ್ 20 ಮಾಡಿ. ಹತ್ತು ಗುಂಪಿಗೆ ಕಳಿಸಿ."

ಕನ್ಸಲ್ಟಂಟ್: ಹತ್ತು ಗುಂಪಿಗೆ ಕಳಿಸಿ ಹತ್ತು ಕಟ್ಟಡ ಕೆಡಿಸಿ. ಒಂದನೆಯದು ಯಾಕೆ ತಪ್ಪು ಅಂತ ಈಗಷ್ಟೇ ಉದ್ದಕ್ಕೆ ಬರೆದೆ. ಎರಡನೆಯದು: ಆರ್ಡಿನರಿ ಫ್ರೇಮ್ ವಲಯ 3, 4, 5ರಲ್ಲಿ ನಿಷಿದ್ಧ. ವಲಯ 2ರಲ್ಲಿ ಮಾಡುತ್ತೀರಾದರೆ ಆರ್ (ಭೂಕಂಪದ ಬಲವನ್ನು ಭಾಗಿಸುವ ಸಂಖ್ಯೆ) 5ರಿಂದ 3ಕ್ಕೆ ಇಳಿಸಿ; ಭೂಕಂಪದ ಬಲ ಒಂದೂ ಮುಕ್ಕಾಲು ಪಟ್ಟು ಹತ್ತಿರ ಏರುತ್ತದೆ. ಆರ್ 5 ಇಟ್ಟುಕೊಂಡೇ ಆರ್ಡಿನರಿ ಮಾಡುವುದು ಮೋಸ. ಮೂರನೆಯದಕ್ಕೆ ಉತ್ತರ ಕೊಡಲ್ಲ. ಓ/ಎಸ್ ಬಂದರೆ ಸೆಕ್ಷನ್ ಸಾಲದು ಅಂತ ಅರ್ಥ. 230ರ ಗೋಡೆಯೊಳಗೆ ಕಾಲಂ ಅಡಗಿಸುವ ಆಸೆ ಬಿಡಿ. 13920ರಲ್ಲಿ ಕಾಲಂನ ಕನಿಷ್ಠ ಅಳತೆಯೇ 300.

ಲೇಔಟ್ ರಾಜ: ಬಂದಿದ್ದನ್ನ ಹಾಕ್ದೆ ಸರ್, ಅಷ್ಟಕ್ಕೆ ಬೈಬೇಕಾ.

ದಾವಣಗೆರೆ ಪಿಜಿ: ಪುಶ್‌ಓವರ್ (ಕಟ್ಟಡವನ್ನು ಪಕ್ಕಕ್ಕೆ ಹಂತಹಂತವಾಗಿ ತಳ್ಳಿ ನೋಡುವ ಲೆಕ್ಕ) ಮಾಡ್ತಿದ್ದೇನೆ. 500ಡಿಗೆ ನಾನ್‌ಲೀನಿಯರ್ ಡೇಟಾ ಡೀಫಾಲ್ಟ್ ಬಿಡಬಹುದಾ?

ಕನ್ಸಲ್ಟಂಟ್: ಒಳ್ಳೆ ಪ್ರಶ್ನೆ. ಮಾಮೂಲಿ ಡಿಸೈನಿಗೆ ಎಫ್‌ವೈ ಒಂದೇ ಮುಖ್ಯ; ಎಕ್ಸ್‌ಪೆಕ್ಟೆಡ್ 550, 599.5 ಎಂಬ ಎರಡು ಸಂಖ್ಯೆ ಹಿಂಜ್‌ಗೆ (ಯೀಲ್ಡ್ ಆಗಿ ತಿರುಗುವ ಜಾಗ) ಬೇಕಾಗುವಂಥವು, ಬರೀ 1.1ರಿಂದ ಗುಣಿಸಿದ್ದು. ಟೆಸ್ಟ್ ಸರಾಸರಿ ಇದ್ದರೆ ಅದನ್ನೇ ಕೊಡಿ. ನೋಡಬೇಕಾದ್ದು ಅಲ್ಟಿಮೇಟ್ ಸ್ಟ್ರೇನ್. ಡೀಫಾಲ್ಟ್ 0.09. 500ಡಿಗೆ ಗರಿಷ್ಠ ಬಲದಲ್ಲಿನ ಒಟ್ಟು ಎಲಾಂಗೇಶನ್ ಅಂತ 1786 ಖಾತ್ರಿ ಕೊಡುವುದು 5%, ಅಂದರೆ 0.05. ಸರ್ಟಿಫಿಕೇಟಿನ 16% ನೋಡಿ ಮೋಸ ಹೋಗಬೇಡಿ; ಅದು ತುಂಡಾದ ಜಾಗದ ಕುತ್ತಿಗೆಯನ್ನೂ ಸೇರಿಸಿದ ಅಳತೆ. ಫೈಬರ್ ಹಿಂಜ್ ಆದರೆ 0.09 ಬಿಟ್ಟಲ್ಲಿ ನಿಜವಾಗಿ ಇಲ್ಲದ ಡಕ್ಟಿಲಿಟಿಯನ್ನು ಕರ್ವ್ ತೋರಿಸುತ್ತದೆ. 0.05 ಇಟ್ಟು ಒಮ್ಮೆ ಓಡಿಸಿ, ಎರಡೂ ಪಕ್ಕಪಕ್ಕ ಹಾಕಿ.

ಕಲಬುರಗಿ ಸ್ಟ್ರಕ್ಚರ್: ಸ್ಟಾಡ್ ಒಳ್ಳೇದಾ ಇಟ್ಯಾಬ್ಸ್ ಒಳ್ಳೇದಾ?

ಬಿಮ್ ಬಳಗ: ರೆವಿಟ್‌ನಲ್ಲಿ (ಡ್ರಾಯಿಂಗ್ ಮಾಡೆಲ್ ಸಾಫ್ಟ್‌ವೇರ್) 8ರ ರಿಂಗಿನ 135 ಡಿಗ್ರಿ ಹುಕ್ ಉದ್ದ ಎಷ್ಟು ಕೊಡಬೇಕು? ಟೆಂಪ್ಲೇಟ್‌ನಲ್ಲಿ 80 ಬರ್ತಿದೆ.

ಬಾರ್‌ಬೆಂಡಿಂಗ್ ಬಾಬಣ್ಣ: ಹತ್ತು ಪಟ್ಟು, 75ಕ್ಕಿಂತ ಕಡಿಮೆ ಇಲ್ಲ. 80 ಸರಿಯಾಗೇ ಇದೆ.

ಕೋಡ್ ಪಂಡಿತ: ಅದು 1993ರದ್ದು. 2016ರಲ್ಲಿ ಆರು ಪಟ್ಟು, ಕನಿಷ್ಠ 65. 8ರ ರಿಂಗಿಗೆ 65.

ಬಾರ್‌ಬೆಂಡಿಂಗ್ ಬಾಬಣ್ಣ: ಜಾಸ್ತಿ ಕೊಟ್ಟರೆ ಮನೆ ಬೀಳುತ್ತಾ?

ಕೋಡ್ ಪಂಡಿತ: ರಿಂಗಿಗೆ 30 ಮಿಮೀ ಜಾಸ್ತಿ. ಬಿಲ್ ಯಾರು ಕೊಡ್ತಾರೆ? ಜೊತೆಗೆ ಕಿರಿದಾದ ಬೀಮಿನಲ್ಲಿ ಎರಡು ಹುಕ್ ಒಂದಕ್ಕೊಂದು ಅಡ್ಡ ಬಂದು ವೈಬ್ರೇಟರ್ ಸೂಜಿ ಇಳಿಯಲ್ಲ.

ಬಾರ್‌ಬೆಂಡಿಂಗ್ ಬಾಬಣ್ಣ: ಸೈಟ್ ನೋಡಿದವರ ಹಾಗೆ ಮಾತಾಡಿ. ನಿಮ್ಮ 65 ಎಂಎಂ ಹುಕ್ಕನ್ನು ಬೆಂಡರ್ 50 ಮಾಡ್ತಾನೆ. 80 ಬರೆದರೆ 65 ಸಿಗುತ್ತೆ.

ಕನ್ಸಲ್ಟಂಟ್: ಸಂಹಿತೆಯಲ್ಲಿ ಪಂಡಿತರು ಸರಿ. ಬಾಬಣ್ಣನ ಮಾತೂ ಸುಳ್ಳಲ್ಲ, ಆದರೆ ಅದನ್ನು ಸರಿಮಾಡಬೇಕಾದ್ದು ಚೆಕ್ಕಿಂಗ್‌ನಲ್ಲಿ, ಡ್ರಾಯಿಂಗಿನಲ್ಲಲ್ಲ. ಬಿಮ್ ಬಳಗ: ಹುಕ್ ಟೈಪಿನ ಮಲ್ಟಿಪ್ಲೈಯರ್ 6 ಕೊಟ್ಟರೆ 8ರ ಕಂಬಿಗೆ 48 ಬರುತ್ತದೆ, 65ರ ಕನಿಷ್ಠ ಅದಕ್ಕೆ ಗೊತ್ತಿಲ್ಲ. ರೀಬಾರ್ ಟೈಪಿನ ಹುಕ್ ಲೆಂಗ್ತ್ಸ್ ತೆರೆದು, 8 ಮತ್ತು 10ಕ್ಕೆ ಆಟೋ ತೆಗೆದು 65 ಕೈಯಲ್ಲಿ ಕೊಡಿ. 12ರಿಂದ ಮುಂದೆ 6 ಪಟ್ಟು ತಾನೇ ದಾಟುತ್ತದೆ.

ಬಿಮ್ ಬಳಗ: ಟೆಕ್ಲಾದಲ್ಲಿ?

ಲಿಫ್ಟ್ ಕೋರ್: ರೀಬಾರ್ ಡೇಟಾಬೇಸ್ ಫೈಲಿನಲ್ಲಿ. ಗ್ರೇಡ್, ವ್ಯಾಸ ಪ್ರತಿ ಸಾಲಿಗೂ ಬೆಂಡ್ ತ್ರಿಜ್ಯ, ಹುಕ್ ಉದ್ದ ಇರುತ್ತೆ. ತಿದ್ದಿ, ಮಾಡೆಲ್ ಮುಚ್ಚಿ ಮತ್ತೆ ತೆರೆಯಿರಿ.

ವಿಜಯಪುರ ಕನ್ಸ್ಟ್ರಕ್ಷನ್: ಬೀಮಿಗೆ 0.35, ಕಾಲಂಗೆ 0.7 ಮಾಡಿಫೈಯರ್ ಕಂಬಿಯ ಪ್ರಾಪರ್ಟಿಯಲ್ಲಿ ಹಾಕೋದಾ?

ಕನ್ಸಲ್ಟಂಟ್: ಅಲ್ಲ. ಫ್ರೇಮ್ ಸೆಕ್ಷನ್ನಿನ ಇನರ್ಶಿಯಾಕ್ಕೆ. ಕಂಬಿಯ ಇ 2 ಲಕ್ಷ ಎಂಪಿಎ, ಮುಟ್ಟಬೇಡಿ.

ಉಡುಪಿ ಆರ್ಕಿಟೆಕ್ಟ್: 415 ಬದಲು 500 ಹಾಕಿ ಸ್ಲ್ಯಾಬ್ ದಪ್ಪ ಕಡಿಮೆ ಮಾಡಬಹುದಲ್ವಾ?

ಕನ್ಸಲ್ಟಂಟ್: ಉಲ್ಟಾ. ಕಂಬಿಯ ಸರ್ವಿಸ್ ಸ್ಟ್ರೆಸ್ 240 ಇದ್ದದ್ದು 290 ಆಗುತ್ತದೆ, ಮಾಡಿಫಿಕೇಶನ್ ಫ್ಯಾಕ್ಟರ್ ಇಳಿಯುತ್ತದೆ, ಡಿಫ್ಲೆಕ್ಷನ್‌ಗೆ ದಪ್ಪ ಜಾಸ್ತಿ ಕೇಳುತ್ತದೆ.

ಉಡುಪಿ ಆರ್ಕಿಟೆಕ್ಟ್: ಕಡಲ ಹತ್ತಿರ ಎಪಾಕ್ಸಿ ಕೋಟಿಂಗ್ ಕಂಬಿಗೆ ಬಾಂಡ್ ಎಷ್ಟು ಕಡಿಮೆ ಹಿಡಿಯಬೇಕು?

ಹುಬ್ಬಳ್ಳಿ ಬಿಲ್ಡರ್: ನನ್ನ ಪ್ರಶ್ನೆಗೆ "ಮೇಲೆ ಇದೆ" ಅಂದ್ರಿ. ಮೇಲೆ ಎಲ್ಲಿ? ನೂರು ಮೆಸೇಜ್ ಇದೆ.

ಲಿಫ್ಟ್ ಕೋರ್: ಮೊದಲನೇ ಉತ್ತರ. ಬೆರಳು ಸವೆಯಲ್ಲ, ಸ್ಕ್ರೋಲ್ ಮಾಡಿ.

ಹುಬ್ಬಳ್ಳಿ ಬಿಲ್ಡರ್: ಇಲ್ಲಿ ಕೇಳೋದೇ ತಪ್ಪಾಯ್ತು.

ಮಂಗಳೂರು ಸೈಟ್: ಸರ್, ಅಳೆದೆವು. ಎರಡನೇ ಸ್ಲ್ಯಾಬ್ ಮೇಲೆ ಕಾಲಂ ಸ್ಟಾರ್ಟರ್ (ಮೇಲಿನ ಕಾಲಂಗೆ ಲ್ಯಾಪ್ ಮಾಡಲು ಬಿಟ್ಟ ಕಂಬಿ) 650 ಇದೆ. 855 ಬರಲ್ಲ. ವೆಲ್ಡ್ ಮಾಡಿ ಉದ್ದ ಮಾಡೋಣ ಅಂತ ಕಂಟ್ರಾಕ್ಟರ್.

ಕನ್ಸಲ್ಟಂಟ್: ವೆಲ್ಡ್ ಬೇಡ. ಟಿಎಂಟಿಯ ಹೊರಪದರಕ್ಕೆ ನೀರು ಹಾಯಿಸಿ ಕೊಟ್ಟ ಬಲ, ಸೈಟಿನ ಅಡ್ಡಾದಿಡ್ಡಿ ವೆಲ್ಡಿಂಗಿನ ಬಿಸಿಗೆ ಅಲ್ಲೇ ಸಡಿಲಾಗುತ್ತದೆ. ಐಎಸ್ 16172ರ ಮೆಕ್ಯಾನಿಕಲ್ ಕಪ್ಲರ್ ಹಾಕಿ. ಥ್ರೆಡ್ ಮಾಡಲು ಜಾಗ ಇಲ್ಲದಿದ್ದರೆ ಬೋಲ್ಟ್ ಬಿಗಿಯುವ ಅಥವಾ ಗ್ರೌಟ್ ತುಂಬುವ ಬಗೆ. ಎಲ್ಲ ಕಪ್ಲರ್ ಒಂದೇ ಮಟ್ಟದಲ್ಲಿ ಬರದಂತೆ ನೋಡಿಕೊಳ್ಳಿ. ಕಪ್ಲರ್ ಹಾಕಿದ ತುಂಡನ್ನೂ ಕಂಬಿಯ ಜೊತೆ ಲ್ಯಾಬಿಗೆ ಕಳಿಸಿ. ಕೆಳಗಿನ ಎರಡು ಮಹಡಿಯ ಲ್ಯಾಪ್ ಒಳಗೆ ಹೋಗಿಬಿಟ್ಟಿದೆ. ಅಲ್ಲಿ ಕಾಲಂ ಜಾಕೆಟಿಂಗ್ (ಸುತ್ತ ಹೊಸ ಪದರ ಹಾಕಿ ಗಟ್ಟಿ ಮಾಡುವುದು) ಬೇಕೇ ಬೇಡವೇ ಅಂತ ಮೂಲ ಡಿಸೈನರ್ ಕೆಪ್ಯಾಸಿಟಿ ರೇಶಿಯೋ ನೋಡಿ ಹೇಳಬೇಕು, ಗುಂಪಿನಲ್ಲಿ ಕೂತು ನಾನು ಹೇಳಲ್ಲ.

ಲೇಔಟ್ ರಾಜ: ಕಪ್ಲರ್ ರೇಟ್ ಎಷ್ಟು ಯಾರಿಗಾದ್ರೂ ಗೊತ್ತಾ?

ಅಡ್ಮಿನ್: ರೇಟಿಗೆ ಬೇರೆ ಗುಂಪು ಇದೆ. ಕಾಮೆಂಟ್ ಮುಚ್ಚುತ್ತಿದ್ದೇನೆ.